ಪರದೇಶದಲ್ಲಿ ಸ್ವಂತ ಮನೆ: ಹಿಂಡಲಗಾದಿಂದ ಹೊರಟವರಿಗೆ 12 ಸೂತ್ರಗಳು

ಬೆಳಗಾವಿ ಪಕ್ಕದ ಹಿಂಡಲಗಾದಲ್ಲಿ ಒಂದು ಪ್ಲಾಟ್ ಕೊಳ್ಳುವ ಮಾತು ಬಂದರೆ ಮನೆಮಂದಿಯೆಲ್ಲ ವಕೀಲರಾಗುತ್ತಾರೆ. ಉತಾರ (ಪಹಣಿ) ತೆಗೆಸಿದಿರಾ? ಎನ್‌ಎ (ಕೃಷಿಯೇತರ) ಆಗಿದೆಯಾ? ಬುಡಾ (ನಗರಾಭಿವೃದ್ಧಿ ಪ್ರಾಧಿಕಾರ) ಮಂಜೂರು ಮಾಡಿದ ಲೇಔಟಾ, ಬರೀ ಗುಂಟೆ ಪ್ಲಾಟಾ? ಅಕ್ಕತಂಗಿಯರು ಸಹಿ ಹಾಕಿದ್ದಾರಾ? ಇಷ್ಟೆಲ್ಲ ಕೇಳಿದ ಮೇಲೆಯೇ ಇಸಾರದ ಮಾತು. ಅದೇ ಮನೆಯ ಮಗ ದುಬೈನಲ್ಲಿ ಫ್ಲ್ಯಾಟ್ ಬುಕ್ ಮಾಡುವಾಗ ಯಾರೂ ಏನೂ ಕೇಳುವುದಿಲ್ಲ. ಹೋಟೆಲ್ ಹಾಲ್‌ನಲ್ಲಿ ಪ್ರಾಪರ್ಟಿ ಎಕ್ಸ್‌ಪೋ ನಡೆಯುತ್ತದೆ, ಹೊಳೆಯುವ ಬ್ರೋಷರ್ ಕೈಗೆ ಬರುತ್ತದೆ, ಸಂಜೆಯೊಳಗೆ ಅಡ್ವಾನ್ಸ್ ಹೋಗಿರುತ್ತದೆ.

ಈ ಪದ್ಧತಿ ಬದಲಾಗಲೇಬೇಕು. ಪ್ಲಾಟ್ ನೋಡುವ ಬೆಳಗಾವಿಯ ಕಣ್ಣು ತುಂಬ ಚುರುಕು. ಅದನ್ನು ಇಲ್ಲೇ ಬಿಟ್ಟು ವಿಮಾನ ಹತ್ತಬೇಡಿ. ವಿಟಿಯುನಲ್ಲಿ ಡಿಗ್ರಿ ಮಾಡಿ ಜರ್ಮನಿಗೆ ಹೊರಟವರು, ಗಲ್ಫ್‌ನಲ್ಲಿ ಸಂಬಳ ಎಣಿಸುತ್ತಿರುವವರು, ಖಾನಾಪುರದಿಂದ ಗೋವಾ ಮೂಲಕ ಲಂಡನ್ ಸೇರಿದವರು, ಬೆಳಗಾವಿಯಲ್ಲೇ ಕುಳಿತು ಹೊರದೇಶದಲ್ಲಿ ಹೂಡಿಕೆ ಮಾಡಬೇಕೆನ್ನುವವರು ಎಲ್ಲರೂ ಇದನ್ನು ಪೂರ್ತಿ ಓದಿ. ಓದಿ ಮುಗಿಸಿದ ದಿನವೇ ಕೆಲಸ ಶುರು ಮಾಡಿ.

1. "ಅದೆಲ್ಲ ನಮ್ಮಂಥವರಿಗಲ್ಲ" ಎನ್ನುವುದನ್ನು ಬಿಡಿ

ಅನುಮಾನವೂ ಒಂದು ಅಭ್ಯಾಸ. ಅಭ್ಯಾಸವನ್ನು ತಿದ್ದಬಹುದು. ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಎಡಪುಟದಲ್ಲಿ ನಿಮ್ಮ ಹೆದರಿಕೆಯನ್ನು ಪ್ರಶ್ನೆಯಾಗಿ ಬರೆಯಿರಿ. "ಹಣ ಮುಳುಗಿದರೆ?" ಎಂದು ಬರೆಯಬೇಡಿ. "ನನ್ನ ಹಣ ಯಾವ ಖಾತೆಗೆ ಹೋಗುತ್ತದೆ, ಅದರ ಮೇಲೆ ಯಾರ ಹಿಡಿತವಿದೆ?" ಎಂದು ಬರೆಯಿರಿ. ಬಲಪುಟದಲ್ಲಿ ಉತ್ತರ ಹೇಳಬಲ್ಲವರ ಹೆಸರು ಬರೆಯಿರಿ: ಬ್ಯಾಂಕ್, ಚಾರ್ಟರ್ಡ್ ಅಕೌಂಟೆಂಟ್, ವಕೀಲರು, ಆ ದೇಶದ ನೋಂದಣಿ ಕಚೇರಿ. ಮಾರುವ ಬ್ರೋಕರ್‌ನ ಹೆಸರು ಬಲಪುಟದಲ್ಲಿ ಎಲ್ಲಿಯೂ ಇರಬಾರದು. ಕಮಿಷನ್ ಪಡೆಯುವವನ ಉತ್ತರವನ್ನು ಉತ್ತರವೆಂದು ಲೆಕ್ಕಕ್ಕೆ ಹಿಡಿಯಬೇಡಿ.

2. ಕಾನೂನಿನ ಕಣ್ಣಿಗೆ ನೀವು ಯಾರು? ಮೊದಲು ಅದನ್ನು ಪಕ್ಕಾ ಮಾಡಿಕೊಳ್ಳಿ

ಮನೆ ಆಮೇಲೆ ಹುಡುಕಿ. ಮೊದಲು ನಿಮ್ಮ ಸ್ಟೇಟಸ್ ತಿಳಿದುಕೊಳ್ಳಿ. ಮುಂದಿನ ಎಲ್ಲ ಲೆಕ್ಕ ಅದರ ಮೇಲೆಯೇ ನಿಂತಿದೆ.

ವಿದೇಶಿ ವಿನಿಮಯಕ್ಕೆ ನಮ್ಮಲ್ಲಿರುವ ಮುಖ್ಯ ಕಾಯದೆ 1999ರ ಫೆಮಾ. ಭಾರತದಲ್ಲಿ ನೆಲೆಸಿರುವವರು ರೆಸಿಡೆಂಟ್. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡೇ ನೌಕರಿಗಾಗಿ ಹೊರಗೆ ಹೋದವರು ಎನ್‌ಆರ್‌ಐ. ಓದಲು ಹೋದ ವಿದ್ಯಾರ್ಥಿಗಳನ್ನೂ ರಿಸರ್ವ್ ಬ್ಯಾಂಕ್ 2003ರಿಂದ ಎನ್‌ಆರ್‌ಐ ಎಂದೇ ಪರಿಗಣಿಸುತ್ತಿದೆ. ಬೇರೆ ದೇಶದ ಪೌರತ್ವ ಪಡೆದು ಸಾಗರೋತ್ತರ ಭಾರತೀಯರ ಒಸಿಐ ಕಾರ್ಡ್ ಮಾಡಿಸಿಕೊಂಡವರದು ಮತ್ತೊಂದು ಗುಂಪು. ಭಾರತೀಯ ಮೂಲವೇ ಇಲ್ಲದ ವಿದೇಶಿಯರದು ಇನ್ನೊಂದು.

ಆದಾಯ ತೆರಿಗೆ ಕಾಯದೆಯಲ್ಲಿಯೂ ರೆಸಿಡೆಂಟ್ ಎಂಬ ಮಾತಿದೆ. ಆದರೆ ಅಲ್ಲಿ ದಿನ ಎಣಿಸುವ ರೀತಿ ಬೇರೆ, ಫೆಮಾದಲ್ಲಿ ನೋಡುವ ರೀತಿ ಬೇರೆ. ಒಂದರಲ್ಲಿ ಎನ್‌ಆರ್‌ಐ ಆದವರು ಇನ್ನೊಂದರಲ್ಲಿ ರೆಸಿಡೆಂಟ್ ಆಗಿಯೇ ಉಳಿಯಬಹುದು. ಹಾಗಾಗಿ ಎರಡನ್ನೂ ಬೇರೆ ಬೇರೆಯಾಗಿ ಬರೆದಿಡಿ. ನೌಕರಿಗೆ ಹೊರಟ ಮೇಲೆ ಊರಿನ ಸೇವಿಂಗ್ಸ್ ಖಾತೆಯನ್ನು ಅನಿವಾಸಿಗಳ ಎನ್‌ಆರ್‌ಒ ಖಾತೆಯಾಗಿ ಬದಲಾಯಿಸಿ. "ಯಾರು ನೋಡುತ್ತಾರೆ" ಎಂದು ಹಳೆಯ ಖಾತೆಯನ್ನೇ ನಡೆಸಬೇಡಿ. ನಾಳೆ ಮನೆ ಕೊಳ್ಳುವಾಗ ಬ್ಯಾಂಕ್ ಕೇಳುವ ಮೊದಲ ಪ್ರಶ್ನೆ ಅದೇ.

3. ಆ ದೇಶದ ಬಾಗಿಲು ನಿಮಗೆ ತೆರೆದಿದೆಯೇ ನೋಡಿ

ಹಿಂಡಲಗಾದಿಂದ ವೆಂಗುರ್ಲಾ ರಸ್ತೆ ಹಿಡಿದು ಸುಳಗಾ, ಬಾಚಿ ದಾಟಿ ಶಿನೋಳಿಗೆ ಹೋಗಿ. ಅಲ್ಲಿಂದ ಮಹಾರಾಷ್ಟ್ರದ ಚಂದಗಡ ತಾಲ್ಲೂಕು. ಕರ್ನಾಟಕದಲ್ಲಿ 2020ರ ತಿದ್ದುಪಡಿಯ ನಂತರ ಕೃಷಿಕರಲ್ಲದವರೂ ಹೊಲ ಕೊಳ್ಳಬಹುದು. ಶಿನೋಳಿ ಬಂದೊಡನೆ ಆ ಅವಕಾಶ ಮುಗಿಯಿತು, ಮಹಾರಾಷ್ಟ್ರದ ಕಾಯದೆ ಕೃಷಿಕರಲ್ಲದವರಿಗೆ ಹೊಲ ಮಾರಲು ಬಿಡುವುದಿಲ್ಲ. ಖಾನಾಪುರ ದಾಟಿ ಗೋವಾಕ್ಕೆ ಇಳಿದರೆ ಅಲ್ಲಿಯೂ 2023ರಲ್ಲಿ ಅಂಥದ್ದೇ ಕಾಯದೆ ಬಂದಿದೆ. ಬೈಕಿನಲ್ಲಿ ಹೋಗುವಷ್ಟು ದೂರಕ್ಕೇ ಕಾನೂನು ಹೀಗೆ ಬದಲಾದರೆ ಸಮುದ್ರ ದಾಟಿದ ಮೇಲೆ ಎಷ್ಟು ಬದಲಾಗಬಹುದು?

ಕೆನಡಾ 2023ರ ಜನವರಿ 1ರಿಂದ ವಿದೇಶಿಯರು ಮನೆ ಕೊಳ್ಳುವುದನ್ನು ನಿಷೇಧಿಸಿತು. ಎರಡು ವರ್ಷದ ಆ ನಿಷೇಧವನ್ನು ಮುಂದೆ 2027ರ ಜನವರಿ 1ರವರೆಗೆ ವಿಸ್ತರಿಸಿತು. ವರ್ಕ್ ಪರ್ಮಿಟ್ ಇರುವವರಿಗೆ ಷರತ್ತಿನ ಮೇಲೆ ವಿನಾಯಿತಿ ಇದೆ. ಆಸ್ಟ್ರೇಲಿಯಾ ಹಳೆಯ ಮನೆಗಳನ್ನು ವಿದೇಶಿಯರು ಕೊಳ್ಳದಂತೆ 2025ರ ಏಪ್ರಿಲ್ 1ರಿಂದ ಎರಡು ವರ್ಷದ ತಡೆ ಹಾಕಿತು. ಸಿಂಗಪುರದಲ್ಲಿ ಕೊಳ್ಳಬಹುದು, ಆದರೆ 2023ರ ಏಪ್ರಿಲ್‌ನಿಂದ ವಿದೇಶಿಯರು ಬೆಲೆಯ ಮೇಲೆ 60% ಹೆಚ್ಚುವರಿ ಸ್ಟ್ಯಾಂಪ್ ಡ್ಯೂಟಿ ಕಟ್ಟಬೇಕು. ಥಾಯ್ಲೆಂಡ್‌ನಲ್ಲಿ ಕಾಂಡೊ ನಿಮ್ಮ ಹೆಸರಿಗೆ ಆಗುತ್ತದೆ, ನೆಲ ಆಗುವುದಿಲ್ಲ. ಅಲ್ಲಿ ಒಂದು ಕಟ್ಟಡದ 49%ಕ್ಕಿಂತ ಹೆಚ್ಚು ಭಾಗ ವಿದೇಶಿಯರ ಕೈಗೆ ಹೋಗುವಂತಿಲ್ಲ. ಜರ್ಮನಿ ವಿದೇಶಿ ಎಂಬ ಕಾರಣಕ್ಕೆ ಯಾರನ್ನೂ ತಡೆಯುವುದಿಲ್ಲ.

ದುಬೈನಲ್ಲಿ 2006ರ 7ನೇ ಕಾಯದೆ ಬಂದ ಮೇಲೆ ವಿದೇಶಿಯರು ಗೊತ್ತುಪಡಿಸಿದ ಪ್ರದೇಶಗಳಲ್ಲಿ ಫ್ರೀಹೋಲ್ಡ್ ಮನೆ ಕೊಳ್ಳಬಹುದು. ಗೊತ್ತುಪಡಿಸಿದ ಪ್ರದೇಶ ಎಂಬ ಮಾತಿಗೆ ಕೆಳಗೆರೆ ಹಾಕಿಕೊಳ್ಳಿ. ಪಕ್ಕದ ಬೀದಿಯಲ್ಲಿ ಅಗ್ಗವಾಗಿ ಸಿಗುತ್ತಿದೆ ಎಂದರೆ ಅದು ಆ ಪಟ್ಟಿಯಲ್ಲಿದೆಯೇ ಎಂದು ಮೊದಲು ನೋಡಿ.

ನಿಯಮವನ್ನು ಓದಿ, ಓದಿದ ತಾರೀಖನ್ನೂ ಬರೆದಿಡಿ. ಇವು ಚುನಾವಣೆಗೊಮ್ಮೆ ಬದಲಾಗುವ ನಿಯಮಗಳು. ಹೋದ ವರ್ಷ ಕೊಂಡ ಗೆಳೆಯನ ಅನುಭವ ಈ ವರ್ಷ ನಿಮಗೆ ಆಧಾರವಾಗಲಾರದು.

4. ಎನ್‌ಆರ್‌ಐ ಆಗಿರುವಾಗಲೇ ಕೊಳ್ಳಿ

ಹೊರದೇಶದಲ್ಲಿ ದುಡಿಯುತ್ತಿದ್ದೀರಾ? ಹಾಗಿದ್ದರೆ ಇದು ನಿಮ್ಮ ದೊಡ್ಡ ಬಲ. ಅಲ್ಲಿ ಗಳಿಸಿದ ಹಣದಿಂದ ಅಲ್ಲಿಯೇ ಮನೆ ಕೊಳ್ಳಲು ರಿಸರ್ವ್ ಬ್ಯಾಂಕಿನ ಮಿತಿ ಅಡ್ಡ ಬರುವುದಿಲ್ಲ. ನಾಳೆ ಬೆಳಗಾವಿಗೆ ಕಾಯಂ ವಾಪಸ್ ಬಂದರೂ ಆ ಮನೆಯನ್ನು ಇಟ್ಟುಕೊಳ್ಳಬಹುದು, ಬಾಡಿಗೆಗೆ ಕೊಡಬಹುದು, ಮಾರಬಹುದು. ಫೆಮಾದ 6(4)ನೇ ಸೆಕ್ಷನ್ ಈ ಹಕ್ಕನ್ನು ಕೊಟ್ಟಿದೆ. ಎನ್‌ಆರ್‌ಐ ಆಗಿದ್ದಾಗಲೇ ಕೊಂಡದ್ದು ಎನ್ನುವುದಕ್ಕೆ ಸಂಬಳದ ಸ್ಲಿಪ್, ಬ್ಯಾಂಕ್ ಸ್ಟೇಟ್‌ಮೆಂಟ್, ವೀಸಾ ಪುಟ ಮೂರನ್ನೂ ಜೋಪಾನ ಮಾಡಿ. ಹತ್ತು ವರ್ಷದ ನಂತರ ಕೇಳಿದರೂ ತೆಗೆದು ತೋರಿಸುವಂತಿರಲಿ.

"ಊರಿಗೆ ಹೋದ ಮೇಲೆ ನೋಡೋಣ" ಎನ್ನಬೇಡಿ. ಊರಿಗೆ ಬಂದ ಮೇಲೆ ದಾರಿ ಇಕ್ಕಟ್ಟಾಗುತ್ತದೆ. ಎಷ್ಟು ಇಕ್ಕಟ್ಟು ಎನ್ನುವುದು ಮುಂದಿನ ಸೂತ್ರದಲ್ಲಿದೆ.

5. ಬೆಳಗಾವಿಯಿಂದಲೇ ಹಣ ಕಳಿಸುವವರು ಎಲ್‌ಆರ್‌ಎಸ್ ಲೆಕ್ಕವನ್ನು ಬಾಯಿಪಾಠ ಮಾಡಿ

ಭಾರತದಲ್ಲಿ ನೆಲೆಸಿರುವ ಒಬ್ಬರು ಒಂದು ಹಣಕಾಸು ವರ್ಷದಲ್ಲಿ ಹೊರಗೆ ಕಳಿಸಬಹುದಾದದ್ದು 2,50,000 ಡಾಲರ್. 2004ರಲ್ಲಿ 25,000 ಡಾಲರ್‌ನಿಂದ ಶುರುವಾದ ಈ ಯೋಜನೆಯೇ ಎಲ್‌ಆರ್‌ಎಸ್ (ಲಿಬರಲೈಸ್ಡ್ ರೆಮಿಟೆನ್ಸ್ ಸ್ಕೀಮ್). ದಿರ್ಹಮ್ ಬೆಲೆ ಡಾಲರ್‌ಗೆ 3.6725ರಂತೆ ಕಟ್ಟಿಹಾಕಿದೆ. ಅಂದರೆ ಒಬ್ಬರ ಒಂದು ವರ್ಷದ ಮಿತಿ 9,18,125 ದಿರ್ಹಮ್. ಗಂಡ ಹೆಂಡತಿ ಸೇರಿದರೆ 18,36,250. ಇಬ್ಬರ ಮಿತಿ ಸೇರಿಸಿ ಕೊಳ್ಳುವುದಾದರೆ ಮನೆಯೂ ಇಬ್ಬರ ಹೆಸರಿನಲ್ಲಿರಬೇಕು. ಹಣ ಕಳಿಸಿದ ಹೆಂಡತಿಯ ಹೆಸರನ್ನು ದಸ್ತಾವೇಜಿನಲ್ಲಿ ಬಿಡಬೇಡಿ. ಹಾಗೆ ಬಿಟ್ಟರೆ ನಿಯಮ ಮುರಿದಂತೆಯೂ ಹೌದು, ಆಕೆಗೆ ಅನ್ಯಾಯ ಮಾಡಿದಂತೆಯೂ ಹೌದು.

ಇನ್ನೂ ಹೆಚ್ಚು ಬೇಕಿದ್ದರೆ ಮಾರ್ಚ್ 31ರೊಳಗೆ ಒಂದು ಭಾಗ, ಏಪ್ರಿಲ್ ಬಂದ ಮೇಲೆ ಇನ್ನೊಂದು ಭಾಗ ಕಳಿಸಿ. ಆದರೆ ಕಳಿಸಿದ ಹಣವನ್ನು ಅಲ್ಲಿ ಸುಮ್ಮನೆ ಕೂಡಿಡುವಂತಿಲ್ಲ. ಬಳಸದೆ ಉಳಿದದ್ದನ್ನು 180 ದಿನಗಳೊಳಗೆ ವಾಪಸ್ ತರಬೇಕು.

ಈಗ ಟಿಸಿಎಸ್, ಅಂದರೆ ಹಣ ಕಳಿಸುವಾಗಲೇ ಬ್ಯಾಂಕ್ ವಸೂಲು ಮಾಡುವ ತೆರಿಗೆ. 2025ರ ಏಪ್ರಿಲ್‌ನಿಂದ ವರ್ಷಕ್ಕೆ 10 ಲಕ್ಷ ರೂಪಾಯಿ ಮೀರಿದ ಹೂಡಿಕೆ ಹಣದ ಮೇಲೆ ಬ್ಯಾಂಕ್ 20% ಹಿಡಿಯುತ್ತದೆ. 60 ಲಕ್ಷ ಕಳಿಸುತ್ತೀರಿ ಎಂದುಕೊಳ್ಳಿ. 50 ಲಕ್ಷದ ಮೇಲೆ 20%, ಅಂದರೆ 10 ಲಕ್ಷ ಬೇರೆಯಾಗಿ ಕೈಯಲ್ಲಿರಬೇಕು. ಈ ಹಣ ಮುಳುಗುವುದಿಲ್ಲ, ರಿಟರ್ನ್ ಸಲ್ಲಿಸುವಾಗ ತೆರಿಗೆಗೆ ಜಮೆಯಾಗುತ್ತದೆ, ಹೆಚ್ಚಾದದ್ದು ರೀಫಂಡ್ ಬರುತ್ತದೆ. ಆದರೆ ಅಷ್ಟು ತಿಂಗಳು ನಿಮ್ಮ ಕೈಯಲ್ಲಿರುವುದಿಲ್ಲ. ಮನೆಯ ಬೆಲೆ ಮಾತ್ರ ಹೊಂದಿಸಿಕೊಂಡು ಟಿಸಿಎಸ್ ಮರೆತವರು ಕೊನೆಯ ಕಂತಿನಲ್ಲಿ ಪರದಾಡುತ್ತಾರೆ.

ಹಿಂಡಲಗಾದ ಪ್ಲಾಟನ್ನು ಅಡವಿಟ್ಟು ದುಬೈಗೆ ಹಣ ಕಳಿಸುವ ಯೋಚನೆಯನ್ನು ಇಂದೇ ಬಿಡಿ. ಇಂಥ ಹೂಡಿಕೆಯ ಹಣ ಕಳಿಸಲು ಬ್ಯಾಂಕುಗಳು ಸಾಲ ಕೊಡಬಾರದು ಎನ್ನುವುದು ರಿಸರ್ವ್ ಬ್ಯಾಂಕಿನ ನಿರ್ದೇಶನ. ಬಿಲ್ಡರ್ ಕೊಡುವ ವರ್ಷಗಟ್ಟಲೆಯ ಕಂತಿನ ಪ್ಲಾನ್‌ಗೆ ಸಹಿ ಹಾಕುವ ಮೊದಲು ಅದು ಫೆಮಾಗೆ ಒಪ್ಪುತ್ತದೆಯೇ ಎಂದು ನಿಮ್ಮ ಬ್ಯಾಂಕಿನಿಂದ ಬರಹದಲ್ಲಿ ಉತ್ತರ ಪಡೆಯಿರಿ. ಫೋನಿನಲ್ಲಿ "ಆಗತ್ತೆ ಸರ್" ಎಂದದ್ದನ್ನು ನಂಬಿ ಮುಂದುವರಿಯಬೇಡಿ.

ಮತ್ತೆ, ಹವಾಲಾ ಕಡೆ ತಿರುಗಿಯೂ ನೋಡಬೇಡಿ. ಫೆಮಾ ಉಲ್ಲಂಘನೆಗೆ ದಂಡ ಆ ಮೊತ್ತದ ಮೂರು ಪಟ್ಟಿನವರೆಗೂ ಹೋಗುತ್ತದೆ.

6. ಬೆಲೆ ಕೇಳಬೇಡಿ, ಕೀಲಿಕೈ ಕೈಗೆ ಬರುವಷ್ಟರಲ್ಲಿ ಒಟ್ಟು ಎಷ್ಟು ಎಂದು ಕೇಳಿ

ಲೆಕ್ಕ ಮಾಡೋಣ. ನೀವು ದುಬೈನಲ್ಲಿ ನೌಕರಿಯಲ್ಲಿದ್ದೀರಿ, ಇದು ಮೊದಲ ಮನೆ, ಬೆಲೆ 10 ಲಕ್ಷ ದಿರ್ಹಮ್. ಯುಎಇ ಸೆಂಟ್ರಲ್ ಬ್ಯಾಂಕಿನ ನಿಯಮದ ಪ್ರಕಾರ 50 ಲಕ್ಷ ದಿರ್ಹಮ್‌ವರೆಗಿನ ಮೊದಲ ಮನೆಗೆ ವಿದೇಶಿ ನೌಕರರಿಗೆ ಸಿಗುವ ಸಾಲ ಹೆಚ್ಚೆಂದರೆ 80%. ಉಳಿದ 2 ಲಕ್ಷ ನಿಮ್ಮದು. ಲ್ಯಾಂಡ್ ಡಿಪಾರ್ಟ್‌ಮೆಂಟಿನ ವರ್ಗಾವಣೆ ಶುಲ್ಕ 4%, ಅಂದರೆ 40,000. ಏಜೆಂಟರ ಕಮಿಷನ್ ವಾಡಿಕೆಯಂತೆ 2%, ಅಂದರೆ 20,000. ಮೊದಲೆಲ್ಲ ಈ ಎರಡನ್ನೂ ಸಾಲದಲ್ಲಿಯೇ ಸೇರಿಸುವ ಬ್ಯಾಂಕುಗಳಿದ್ದವು. 2025ರ ಫೆಬ್ರವರಿಯಿಂದ ಅದು ನಿಂತಿದೆ. ಒಟ್ಟು 2,60,000 ದಿರ್ಹಮ್ ನಗದಾಗಿ ಕೈಯಲ್ಲಿರಬೇಕು. ಅದರ ಮೇಲೆ ಸಾಲದ ನೋಂದಣಿ, ಮನೆಯ ಮೌಲ್ಯಮಾಪನ, ಟ್ರಸ್ಟಿ ಆಫೀಸಿನ ಶುಲ್ಕ. ಕಟ್ಟುತ್ತಿರುವ ಮನೆಗಾದರೆ ಸಾಲ 50% ಮಾತ್ರ.

"20% ಇದ್ದರೆ ಸಾಕು" ಎಂದು ಹೇಳಿದವರು ನಿಮಗೆ ಪೂರ್ತಿ ಲೆಕ್ಕ ಹೇಳಿಲ್ಲ. ನೀವು ಇನ್ನೂ 60,000 ದಿರ್ಹಮ್ ಉಳಿಸಬೇಕು. ಎಷ್ಟು ತಿಂಗಳು ಬೇಕು ಎಂದು ಸಂಬಳದಿಂದ ಭಾಗಿಸಿ, ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ, ಆ ತಿಂಗಳು ಬಂದಾಗ ಕೊಳ್ಳಿ.

ಜರ್ಮನಿಯಲ್ಲಿ ಮನೆ ಕೊಳ್ಳುವ ತೆರಿಗೆ ರಾಜ್ಯದಿಂದ ರಾಜ್ಯಕ್ಕೆ ಬೇರೆ. 3 ಲಕ್ಷ ಯೂರೊ ಫ್ಲ್ಯಾಟಿಗೆ ಬವೇರಿಯಾದಲ್ಲಿ 3.5%ರಂತೆ 10,500 ಯೂರೊ, ನಾರ್ತ್ ರೈನ್ ವೆಸ್ಟ್‌ಫೇಲಿಯಾದಲ್ಲಿ 6.5%ರಂತೆ 19,500 ಯೂರೊ. ನೋಟರಿ ಖರ್ಚು, ಬ್ರೋಕರ್ ಕಮಿಷನ್ ಬೇರೆ. ಇಂಗ್ಲೆಂಡಿನಲ್ಲಿ ನೆಲೆಸದೆ ಮನೆ ಕೊಳ್ಳುವವರು 2021ರ ಏಪ್ರಿಲ್‌ನಿಂದ 2% ಹೆಚ್ಚುವರಿ ಸ್ಟ್ಯಾಂಪ್ ಡ್ಯೂಟಿ ಕೊಡುತ್ತಿದ್ದಾರೆ.

ಕೊಂಡ ಮೇಲಿನ ಖರ್ಚನ್ನೂ ಕೇಳಿ. ದುಬೈನಲ್ಲಿ ಸರ್ವಿಸ್ ಚಾರ್ಜ್ ಚದರಡಿಗೆ ಇಷ್ಟು ಎಂದು ಪ್ರತಿ ವರ್ಷ ಕಟ್ಟಬೇಕು. ಈಜುಕೊಳ, ಜಿಮ್, ಗಾಜಿನ ಲಿಫ್ಟ್ ಎಲ್ಲ ನಿಮ್ಮ ಬಾಡಿಗೆ ಆದಾಯವನ್ನೇ ತಿನ್ನುತ್ತವೆ. ಆ ಕಟ್ಟಡದ ದರ ಲ್ಯಾಂಡ್ ಡಿಪಾರ್ಟ್‌ಮೆಂಟಿನ ಸೂಚಿಯಲ್ಲಿ ಸಿಗುತ್ತದೆ. ಬ್ರೋಷರ್ ಹೇಳುವ ಬಾಡಿಗೆಯಿಂದ ಅದನ್ನು ಕಳೆಯಿರಿ, ವರ್ಷಕ್ಕೆ ಒಂದು ತಿಂಗಳು ಮನೆ ಖಾಲಿ ಎಂದು ಕಳೆಯಿರಿ. ಉಳಿದದ್ದೇ ನಿಮ್ಮ ನಿಜವಾದ ಬಾಡಿಗೆ.

7. ಉತಾರ ಓದಿದಂತೆ ಅಲ್ಲಿಯ ದಾಖಲೆ ಓದಿ

ಬೆಳಗಾವಿ 1956ರವರೆಗೆ ಮುಂಬೈ ರಾಜ್ಯದಲ್ಲಿತ್ತು. ನಮ್ಮ ಹಳೆಯ ಕಾಗದಗಳು ಮರಾಠಿಯಲ್ಲಿವೆ, ಕೆಲವು ಮೋಡಿ ಲಿಪಿಯಲ್ಲಿವೆ. ಜಮೀನು ಹಿಂದೆ ವತನದ್ದೇ, ಗೇಣಿದಾರರದ್ದೇ, ಪರಿಶಿಷ್ಟರಿಗೆ ಮಂಜೂರಾದದ್ದೇ ಎಂದು ತಿಳಿಯಲು ಮೋಡಿ ಬಲ್ಲ ಹಿರಿಯರನ್ನು ಹುಡುಕಿ ಓದಿಸುತ್ತೇವೆ. ಎಷ್ಟು ಒಳ್ಳೆಯ ಪದ್ಧತಿ! ದುಬೈನ ಕರಾರಿನಲ್ಲಿ ಅರಬ್ಬಿ ಪಠ್ಯವೂ ಇರುತ್ತದೆ, ಕೋರ್ಟಿನಲ್ಲಿ ಮಾನ್ಯವಾಗುವುದು ಅದೇ. ಅದನ್ನು ಮಾತ್ರ ಓದಿಸದೆ ಸಹಿ ಏಕೆ ಹಾಕಬೇಕು? ಅರಬ್ಬಿ ಬಲ್ಲ, ನಿಮ್ಮ ಕಡೆಯ ವಕೀಲರಿಗೆ ಶುಲ್ಕ ಕೊಟ್ಟು ಓದಿಸಿ. ಬಿಲ್ಡರ್ ಗೊತ್ತುಮಾಡಿದ ವಕೀಲರು ಬೇಡ.

ಜರ್ಮನಿ ಈ ವಿಷಯದಲ್ಲಿ ಶಿಸ್ತಿನ ದೇಶ. ನೋಟರಿಯ ಎದುರು ಆಗದ ಮನೆ ಮಾರಾಟಕ್ಕೆ ಅಲ್ಲಿ ಬೆಲೆಯಿಲ್ಲ. ಕರಾರನ್ನು ಗಟ್ಟಿಯಾಗಿ ಓದಿ ಹೇಳುತ್ತಾರೆ, ನಿಮಗೆ ಜರ್ಮನ್ ಬಾರದಿದ್ದರೆ ಅನುವಾದಿಸಿ ತಿಳಿಸಲೇಬೇಕು. ಮಾಲೀಕರು ಯಾರು, ಸಾಲ ಯಾರದ್ದು ಎನ್ನುವುದು ಗ್ರುಂಡ್‌ಬುಖ್ ಎಂಬ ಭೂ ದಾಖಲೆಯಲ್ಲಿರುತ್ತದೆ. ನಮ್ಮ ಉತಾರ, ಋಣಭಾರ ಪತ್ರ (ಇಸಿ) ಎರಡೂ ಒಂದೇ ಕಡೆ ಸಿಕ್ಕಂತೆ. 2023ರ ಏಪ್ರಿಲ್‌ನಿಂದ ಅಲ್ಲಿ ಮನೆಗೆ ನಗದು ಕೊಡುವುದೂ ನಿಷಿದ್ಧ.

ಕಟ್ಟುತ್ತಿರುವ ಮನೆಗೆ ಹಣ ಕೊಡುವಾಗ ಎಸ್ಕ್ರೋ ಖಾತೆ ಕೇಳಿ. ದುಬೈನಲ್ಲಿ 2007ರ 8ನೇ ಕಾಯದೆಯ ಪ್ರಕಾರ ಬಿಲ್ಡರ್ ಆ ಪ್ರಾಜೆಕ್ಟಿಗೇ ಎಂದು ತೆರೆದ ಖಾತೆಗೆ ಹಣ ಹೋಗಬೇಕು. ಚೆಕ್ ಮೇಲೆ ಪ್ರಾಜೆಕ್ಟಿನ ಎಸ್ಕ್ರೋ ಖಾತೆಯ ಹೆಸರಿಲ್ಲದಿದ್ದರೆ ಪೆನ್ ಕೆಳಗಿಡಿ. ದುಬೈ ರೆಸ್ಟ್ ಎಂಬ ಸರ್ಕಾರಿ ಆ್ಯಪ್‌ನಲ್ಲಿ ಪ್ರಾಜೆಕ್ಟ್ ಎಷ್ಟು ಮುಗಿದಿದೆ ಎಂದು ನೀವೇ ನೋಡಿ. ನಿಮ್ಮ ಬುಕಿಂಗ್ ಓಕೂದ್ ಎಂಬ ತಾತ್ಕಾಲಿಕ ನೋಂದಣಿಯಲ್ಲಿ ಏರಿದೆಯೇ ಎಂದು ಖಾತ್ರಿ ಮಾಡಿಕೊಳ್ಳಿ. ಏರದಿದ್ದರೆ ನಿಮ್ಮ ಕೈಯಲ್ಲಿರುವುದು ಬರೀ ರಸೀದಿ.

ಒಮ್ಮೆ ಹೋಗಿ ನೋಡಿ ಬನ್ನಿ. ಟಿಕೆಟ್ ಖರ್ಚೆಂದು ಹಿಂಜರಿಯಬೇಡಿ. ಉಚಗಾವಿಯ ಪ್ಲಾಟಿಗೆ ಮೂರು ಸಲ ಹೋಗಿ ಬರುವವರು ಕೋಟಿ ರೂಪಾಯಿ ಫ್ಲ್ಯಾಟಿಗೆ ಒಂದು ಸಲವಾದರೂ ಹೋಗಲೇಬೇಕು.

8. ವೀಸಾದ ಆಸೆಗೆ ಮನೆ ಕೊಳ್ಳಬೇಡಿ

ದುಬೈನಲ್ಲಿ 20 ಲಕ್ಷ ದಿರ್ಹಮ್ ಆಸ್ತಿಗೆ ಹತ್ತು ವರ್ಷದ ಗೋಲ್ಡನ್ ವೀಸಾ ಇದೆ. ಒಳ್ಳೆಯದೇ. ಆದರೆ ಪೋರ್ಚುಗಲ್ 2023ರ ಅಕ್ಟೋಬರ್‌ನಲ್ಲಿ ಮನೆ ಕೊಂಡವರಿಗೆ ಗೋಲ್ಡನ್ ವೀಸಾ ಕೊಡುವುದನ್ನು ನಿಲ್ಲಿಸಿತು, ಸ್ಪೇನ್ 2025ರ ಏಪ್ರಿಲ್‌ನಲ್ಲಿ ನಿಲ್ಲಿಸಿತು. ವೀಸಾ ಸಿಗದಿದ್ದರೂ ಈ ಮನೆ ಕೊಳ್ಳುತ್ತಿದ್ದೆನೇ ಎಂದು ಕೇಳಿಕೊಳ್ಳಿ. "ಇಲ್ಲ" ಎಂದು ಉತ್ತರ ಬಂದರೆ ಕೊಳ್ಳಬೇಡಿ.

9. ಹೊರದೇಶದ ಮನೆಯನ್ನು ರಿಟರ್ನ್‌ನಲ್ಲಿ ಬಚ್ಚಿಡಬೇಡಿ

ತೆರಿಗೆಯ ಲೆಕ್ಕದಲ್ಲಿ ನೀವು ಸಾಮಾನ್ಯ ರೆಸಿಡೆಂಟ್ ಆದ ವರ್ಷದಿಂದ ನಿಮ್ಮ ಜಗತ್ತಿನ ಎಲ್ಲ ಆದಾಯವೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ದುಬೈನಲ್ಲಿ ಬಾಡಿಗೆಗೆ ಆದಾಯ ತೆರಿಗೆ ಇಲ್ಲ ಎಂದು ಇಲ್ಲಿ ಸುಮ್ಮನಿರುವಂತಿಲ್ಲ. ರಿಟರ್ನ್‌ನಲ್ಲಿ ವಿದೇಶಿ ಆಸ್ತಿಗೆಂದೇ ಷೆಡ್ಯೂಲ್ ಎಫ್‌ಎ ಇದೆ, ತುಂಬಿ. ಬಾಡಿಗೆ ಬಾರದ ಖಾಲಿ ಮನೆಯಾದರೂ ತುಂಬಿ. 2015ರ ಕಪ್ಪು ಹಣ ಕಾಯದೆಯಡಿ ಹೇಳದೆ ಬಿಟ್ಟರೆ 10 ಲಕ್ಷ ರೂಪಾಯಿ ದಂಡ. ಸಣ್ಣಪುಟ್ಟ ವಿದೇಶಿ ಆಸ್ತಿಗೆ 2024ರಲ್ಲಿ ವಿನಾಯಿತಿ ಬಂತು, ಆದರೆ ಮನೆ, ನೆಲಕ್ಕೆ ಆ ವಿನಾಯಿತಿ ಅನ್ವಯಿಸುವುದಿಲ್ಲ. ಹಲವು ವರ್ಷದ ನಂತರ ಮರಳುವವರಿಗೆ ಸಾಮಾನ್ಯ ರೆಸಿಡೆಂಟ್ ಆಗುವ ಮುನ್ನ ಒಂದು ನಡುಗಾಲ ಸಿಗುತ್ತದೆ. ವಾಪಸ್ ಬರುವ ತಾರೀಖು ನಿಗದಿ ಮಾಡುವ ಮೊದಲೇ ಸಿಎ ಜತೆ ಕುಳಿತು ಅದನ್ನು ಪೂರ್ತಿ ಬಳಸಿಕೊಳ್ಳಿ.

10. ಮನೆ ಕೊಂಡ ವರ್ಷವೇ ಉಯಿಲು ಬರೆಯಿರಿ

ಮೂವತ್ತು ವರ್ಷದವರಿಗೆ ಇದು ಅಪಶಕುನದ ಮಾತೆನಿಸುತ್ತದೆ. ಹಾಗೆನ್ನುವುದನ್ನು ಬಿಡಿ. ವಾರಸಾ ಹಚ್ಚಲು ತಲಾಠಿ ಕಚೇರಿಗೆ ಅಲೆದ ಅಮ್ಮನನ್ನು ನೀವು ನೋಡಿದ್ದೀರಿ. ಪರದೇಶದ ಕೋರ್ಟಿಗೆ ಅವಳನ್ನು ಅಲೆಸಬೇಡಿ. ದುಬೈನಲ್ಲಿ ಮುಸ್ಲಿಮೇತರರಿಗಾಗಿ ದುಬೈ ಇಂಟರ್‌ನ್ಯಾಷನಲ್ ಫೈನಾನ್ಷಿಯಲ್ ಸೆಂಟರ್‌ನಲ್ಲಿ (ಡಿಐಎಫ್‌ಸಿ) 2015ರಿಂದ ಉಯಿಲು ನೋಂದಣಿ ಇದೆ. 2023ರ ಫೆಬ್ರವರಿಯಿಂದ ಯುಎಇಯಲ್ಲಿ ಮುಸ್ಲಿಮೇತರರಿಗೆ ಪ್ರತ್ಯೇಕ ನಾಗರಿಕ ಕುಟುಂಬ ಕಾಯದೆಯೂ ಬಂದಿದೆ. ಅಮೆರಿಕದಲ್ಲಿ ಮನೆ ಕೊಂಡು ಬೆಳಗಾವಿಗೆ ಮರಳಿ ನೆಲೆಸಿದವರಿಗೆ ಇನ್ನೊಂದು ಅಂಕಿ ತಿಳಿದಿರಲಿ. ಅಲ್ಲಿ ನೆಲೆಸಿಲ್ಲದ ವಿದೇಶಿಯರ ಆಸ್ತಿಗೆ ಮರಣಾನಂತರದ ಎಸ್ಟೇಟ್ ತೆರಿಗೆಯಲ್ಲಿ ವಿನಾಯಿತಿ 60,000 ಡಾಲರ್ ಮಾತ್ರ. ಬದುಕಿದ್ದಾಗಲೇ ಮಾರಿದರೆ ಸಾಮಾನ್ಯವಾಗಿ ಕೊಳ್ಳುವವರು ಬೆಲೆಯ 15% ಹಿಡಿದು ತೆರಿಗೆ ಇಲಾಖೆಗೆ ಕಟ್ಟುತ್ತಾರೆ, ಹೆಚ್ಚು ಹಿಡಿದದ್ದನ್ನು ರಿಟರ್ನ್ ಸಲ್ಲಿಸಿ ವಾಪಸ್ ಪಡೆಯಬೇಕು.

11. ಪಾಸ್‌ಪೋರ್ಟ್ ಬದಲಾಯಿಸುವ ಮುನ್ನ ಹಿಂಡಲಗಾ, ಖಾನಾಪುರದ ಕಾಗದ ಸರಿಮಾಡಿ

ಹೊರದೇಶದಲ್ಲಿ ಮನೆ ಕೊಳ್ಳುವಾಗ ನೀವು ಅಲ್ಲಿಗೆ ವಿದೇಶಿ. ಪೌರತ್ವ ಬದಲಾದ ದಿನ ಹಿಂಡಲಗಾಕ್ಕೂ ವಿದೇಶಿ. 1955ರ ಪೌರತ್ವ ಕಾಯದೆಯ 9ನೇ ಸೆಕ್ಷನ್ ಪ್ರಕಾರ ಇನ್ನೊಂದು ದೇಶದ ಪೌರತ್ವ ಸ್ವಇಚ್ಛೆಯಿಂದ ಪಡೆದೊಡನೆ ಭಾರತದ ಪೌರತ್ವ ಹೋಗುತ್ತದೆ. ಖಾನಾಪುರದ ಕಡೆ ಗೋವಾ ಮೂಲದ ಕುಟುಂಬಗಳಿಗೆ ಇದು ದೂರದ ಮಾತಲ್ಲ. 1961ರ ಡಿಸೆಂಬರ್ 19ಕ್ಕಿಂತ ಮೊದಲು ಗೋವಾದಲ್ಲಿ ಹುಟ್ಟಿದವರ ಮಕ್ಕಳು, ಮೊಮ್ಮಕ್ಕಳು ಪೋರ್ಚುಗೀಸ್ ಪಾಸ್‌ಪೋರ್ಟ್ ಮಾಡಿಸಿ ಯುರೋಪಿಗೆ ಹೋಗುತ್ತಿದ್ದಾರೆ. ಅವರು ಇಲ್ಲಿಯ ಕಾನೂನಿಗೆ ಪೋರ್ಚುಗೀಸರು. ಒಸಿಐ ಕಾರ್ಡ್ ಮಾಡಿಸಿದ ಮೇಲೆಯೇ ಊರಿನಲ್ಲಿ ಮನೆ ಕೊಳ್ಳುವ ಹಾದಿ ತೆರೆಯುತ್ತದೆ.

ಎನ್‌ಆರ್‌ಐ ಮತ್ತು ಒಸಿಐ ಇಬ್ಬರೂ ಭಾರತದಲ್ಲಿ ಮನೆ, ಎನ್‌ಎ ಪ್ಲಾಟ್, ಅಂಗಡಿ ಕೊಳ್ಳಬಹುದು. ರಿಸರ್ವ್ ಬ್ಯಾಂಕಿನ ಅನುಮತಿ ಬೇಡ. ಹಣ ಬ್ಯಾಂಕಿನ ಮೂಲಕ ಹೊರಗಿನಿಂದ ಬರಬೇಕು, ಇಲ್ಲವೇ ಎನ್‌ಆರ್‌ಇ, ಎನ್‌ಆರ್‌ಒ, ಎಫ್‌ಸಿಎನ್‌ಆರ್ ಖಾತೆಯಿಂದ ಹೋಗಬೇಕು. ಡಾಲರ್ ನೋಟು ಎಣಿಸಿ ಕೊಡುವಂತಿಲ್ಲ. ಆದರೆ ಹೊಲ, ತೋಟ, ಫಾರ್ಮ್‌ಹೌಸ್ ಈ ಇಬ್ಬರಿಗೂ ಇಲ್ಲ. 2019ರ ಫೆಮಾ ನಿಯಮ ಇದನ್ನು ಸ್ಪಷ್ಟವಾಗಿ ಹೇಳಿದೆ.

ಇಲ್ಲಿಯೇ ನಮ್ಮ ಜನ ಎಡವುವುದು. "ಕರ್ನಾಟಕದಲ್ಲಿ ಈಗ ಯಾರು ಬೇಕಾದರೂ ಹೊಲ ಕೊಳ್ಳಬಹುದಂತೆ" ಎಂದು ಕೇಳಿ ದುಬೈನಿಂದಲೇ ಖಾನಾಪುರದಲ್ಲಿ ಎರಡು ಎಕರೆ ಹಿಡಿಯಲು ಹೊರಡುತ್ತಾರೆ. ರಾಜ್ಯದ ಕಾಯದೆ ಬಾಗಿಲು ತೆರೆದಿದೆ, ಕೇಂದ್ರದ ಫೆಮಾ ಮುಚ್ಚಿದೆ. ಭಾರತದ ಪಾಸ್‌ಪೋರ್ಟ್ ಇದ್ದರೂ, ಎನ್‌ಆರ್‌ಐ ಆಗಿರುವವರೆಗೆ ಹೊಲ ಕೊಳ್ಳುವಂತಿಲ್ಲ. ಹೊಲ ಬೇಕೇ ಬೇಕು ಎನ್ನುವವರು ವಿಮಾನ ಹತ್ತುವ ಮೊದಲು ಕೊಳ್ಳಿ, ಇಲ್ಲವೇ ಕಾಯಂ ಮರಳಿದ ಮೇಲೆ ಕೊಳ್ಳಿ. ಮೊದಲೇ ಇದ್ದ ಹೊಲವನ್ನು, ಊರಿನಲ್ಲಿರುವ ತಂದೆ ತಾಯಿಯಿಂದ ವಾರಸಾ ಬಂದದ್ದನ್ನು ಇಟ್ಟುಕೊಳ್ಳಲು ತೊಂದರೆಯಿಲ್ಲ. ಮಾರುವುದಾದರೆ ಭಾರತದಲ್ಲಿ ನೆಲೆಸಿರುವ ಭಾರತೀಯ ಪೌರರಿಗೆ ಮಾತ್ರ ಮಾರಬೇಕು.

ಹಿಂಡಲಗಾದ ಸುತ್ತ ಗುಂಟೆ ಲೆಕ್ಕದಲ್ಲಿ, ಬಾಂಡ್ ಪೇಪರ್ ಮೇಲೆ ಮಾರುವ ಪ್ಲಾಟುಗಳಿಂದ ಎನ್‌ಆರ್‌ಐಗಳು ದೂರವಿರಿ. ಎನ್‌ಎ ಆದೇಶವಿಲ್ಲದ ಪ್ಲಾಟ್ ಉತಾರದಲ್ಲಿ ಇನ್ನೂ ಹೊಲವೇ. ಊರಿನವರಿಗೆ ಅದು ಒಂದು ತಲೆನೋವು. ನಿಮಗೆ ಫೆಮಾ ಸೇರಿ ಎರಡು. ಎನ್‌ಎ ಆದೇಶ, ಬುಡಾ ಮಂಜೂರಾತಿ, ಪಂಚಾಯ್ತಿಯ ಇ-ಸ್ವತ್ತು ನಮೂನೆ 9 ಮತ್ತು 11, ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲಿ ತೆಗೆಸಿದ ಇಸಿ, ಇಷ್ಟು ಇದ್ದರೆ ಮಾತ್ರ ಮುಂದಿನ ಮಾತು. 500 ಚದರ ಮೀಟರ್‌ಗಿಂತ ದೊಡ್ಡ ಲೇಔಟ್ ಆದರೆ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರದ (ರೇರಾ) ನಂಬರ್ ಕೇಳಿ. ಹಿಂಡಲಗಾ ರಸ್ತೆಯಲ್ಲಿ ಕಂಟೋನ್ಮೆಂಟ್ ಕಡೆಯ ಆಸ್ತಿಯಾದರೆ ಕಂಟೋನ್ಮೆಂಟಿನ ಜನರಲ್ ಲ್ಯಾಂಡ್ ರಿಜಿಸ್ಟರ್ ನೋಡದೆ ಇಸಾರ ಕೊಡಬೇಡಿ. ಹಳೆಯ ಬಂಗಲೆಗಳಲ್ಲಿ ಕಟ್ಟಡ ಒಬ್ಬರದು, ನೆಲ ಸರ್ಕಾರದ್ದು ಆಗಿರಬಹುದು. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ 1%ರಿಂದ 2%ಕ್ಕೆ ಏರಿದೆ, ಅದನ್ನೂ ಬಜೆಟ್‌ಗೆ ಸೇರಿಸಿ.

ಭಾರತೀಯ ಮೂಲದವರಲ್ಲದ ಹೆಂಡತಿ ಅಥವಾ ಗಂಡನ ಹೆಸರನ್ನು ಸೇರಿಸಬೇಕೇ? ಎನ್‌ಆರ್‌ಐ ಅಥವಾ ಒಸಿಐ ಸಂಗಾತಿಯ ಜತೆ ಜಂಟಿಯಾಗಿ ಒಂದು ಮನೆ ಕೊಳ್ಳಬಹುದು. ಮದುವೆ ನೋಂದಣಿಯಾಗಿ ಎರಡು ವರ್ಷ ಕಳೆದಿರಬೇಕು.

12. ಪವರ್ ಆಫ್ ಅಟಾರ್ನಿಯನ್ನು ಸಣ್ಣದಾಗಿ ಬರೆಯಿರಿ

ಅಣ್ಣನ ಹೆಸರಿಗೆ ಕೊಡಿ, ಮಾವನ ಹೆಸರಿಗೆ ಕೊಡಿ, ಆದರೆ "ನನ್ನ ಪರವಾಗಿ ಎಲ್ಲವನ್ನೂ" ಎಂದು ಬರೆದು ಕೊಡಬೇಡಿ. ಯಾವ ಪ್ಲಾಟ್, ಯಾವ ಕೆಲಸ, ಯಾವ ತಾರೀಖಿನವರೆಗೆ ಎಂದು ಬರೆಯಿರಿ. ಪ್ರೀತಿ ಇದ್ದಲ್ಲಿಯೇ ಲೆಕ್ಕ ಚೊಕ್ಕವಾಗಿರಬೇಕು. ಸಂಬಂಧ ಉಳಿಸುವುದು ಅದೇ. ಜನರಲ್ ಪವರ್ ಆಫ್ ಅಟಾರ್ನಿ (ಜಿಪಿಎ) ಮೇಲೆ ಪ್ಲಾಟ್ ಮಾರುತ್ತೇವೆ ಎಂದು ಯಾರಾದರೂ ಬಂದರೆ ಬಾಗಿಲಿನಿಂದಲೇ ಕಳಿಸಿ. ಅಂಥ ಮಾರಾಟದಿಂದ ಹಕ್ಕು ವರ್ಗವಾಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರ ಸೂರಜ್ ಲ್ಯಾಂಪ್ ತೀರ್ಪಿನಲ್ಲಿ ಹೇಳಿದೆ.

ನೀವಿರುವ ದೇಶದ ಭಾರತೀಯ ಕಾನ್ಸುಲೇಟ್‌ನಲ್ಲಿ ಸಹಿ ದೃಢೀಕರಿಸಿ ಕಳಿಸಿ. ಕಾಗದ ಬೆಳಗಾವಿಗೆ ಮುಟ್ಟಿದ ಮೂರು ತಿಂಗಳೊಳಗೆ ಸ್ಟ್ಯಾಂಪ್ ಡ್ಯೂಟಿ ಕಟ್ಟಿಸಬೇಕು. ಕೊರಿಯರ್ ಬಂದ ಕವರನ್ನು ಎಸೆಯಬೇಡ ಎಂದು ಅಣ್ಣನಿಗೆ ಹೇಳಿ. ಕಾಗದ ಮುಟ್ಟಿದ ತಾರೀಖಿಗೆ ಅದೇ ಸಾಕ್ಷಿ. ಕೆಲಸ ಮುಗಿದ ವಾರವೇ ಪವರ್ ರದ್ದುಪಡಿಸುವ ಪತ್ರ ಬರೆದು ನೋಂದಾಯಿಸಿ, ಒಂದು ಪ್ರತಿ ಸಬ್‌ರಿಜಿಸ್ಟ್ರಾರ್ ಕಚೇರಿಗೆ, ಒಂದು ಪ್ರತಿ ಬ್ಯಾಂಕಿಗೆ ಕೊಡಿಸಿ.